ಹಿರಿಯರ ಅಪಾರ್ಟ್‌ಮೆಂಟಿಗೆ ಹೋದರೆ ತಿಂಗಳಿಗೆ ನಿಜವಾಗಿ ಎಷ್ಟು ಬೀಳುತ್ತದೆ?

ಪ್ರಶ್ನೆ: ನಾನು ಬಳ್ಳಾರಿಯ ಗಾಂಧಿನಗರದವನು. ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ನನಗೆ 69, ಮನೆಯವಳಿಗೆ 64. ಪೆನ್ಷನ್ ಕೈಗೆ 44,000 ಬರುತ್ತದೆ. ಉಳಿತಾಯ 32 ಲಕ್ಷ ಇದೆ, ಅದರಲ್ಲಿ 30 ಲಕ್ಷ ಪೋಸ್ಟಾಫೀಸಿನ ಹಿರಿಯ ನಾಗರಿಕರ ಯೋಜನೆಯಲ್ಲಿದೆ. ಸ್ವಂತ ಮನೆ 65 ಲಕ್ಷಕ್ಕೆ ಹೋಗುತ್ತದೆ ಅಂತಾರೆ. ಮನೆ ಖರ್ಚು 26,000, ಔಷಧಿ ಮತ್ತು ಇನ್ಶೂರೆನ್ಸಿಗೆ 9,000. ಮಗಳು ಬೆಂಗಳೂರಿನಲ್ಲಿ, ಮಗ ಹೊರದೇಶದಲ್ಲಿ. ನಮ್ಮ ಬೀದಿಯಲ್ಲಿ ನಾಲ್ಕೈದು ಮನೆಗಳಲ್ಲಿ ನಮ್ಮ ಹಾಗೇ ವಯಸ್ಸಾದವರು ಇಬ್ಬಿಬ್ಬರೇ ಇದ್ದಾರೆ. ಮಗಳ ಒತ್ತಾಯಕ್ಕೆ ಬೆಂಗಳೂರಿನ ಹೊರಗೆ ಎರಡು ಸೀನಿಯರ್ ಲಿವಿಂಗ್ ನೋಡಿ ಬಂದೆವು. ಒಂದರಲ್ಲಿ 58 ಲಕ್ಷಕ್ಕೆ ಒಂದು ಬೆಡ್‌ರೂಮಿನ ಫ್ಲಾಟ್ ಕೊಳ್ಳಬೇಕು. ಅಲ್ಲಿ ಒಂದು ಬ್ಲಾಕಿನಲ್ಲಿ ಜನ ಇದ್ದಾರೆ, ನಮಗೆ ತೋರಿಸಿದ್ದು ಇನ್ನೂ ಕಟ್ಟುತ್ತಿರುವ ಬ್ಲಾಕು. ಇನ್ನೊಂದರಲ್ಲಿ 20 ಲಕ್ಷ ಡಿಪಾಸಿಟ್ ಇಟ್ಟು, ಇಬ್ಬರಿಗೂ ಸೇರಿ ತಿಂಗಳಿಗೆ 46,000 ಕಟ್ಟಬೇಕು, ಊಟ ಅದರಲ್ಲೇ. ಎರಡರ ರೇಟಿನ ಹಾಳೆಯನ್ನೂ ಕಳಿಸಿದ್ದೇನೆ. ಮನೆಯನ್ನು ತನ್ನ ಹೆಸರಿಗೆ ಮಾಡಿದರೆ ತಿಂಗಳ ಖರ್ಚು ತಾನು ಕೊಡುತ್ತೇನೆ ಅಂತ ಮಗ ಹೇಳುತ್ತಾನೆ. ನಮ್ಮ ಕೈಲಿ ಆಗುತ್ತದಾ? ಮನೆಯವಳು ಕೇಳುವುದು ಒಂದೇ: ಅಲ್ಲಿ ಜೋಳದ ರೊಟ್ಟಿ ಸಿಗುತ್ತದಾ?

ಉತ್ತರ: ಮೇಷ್ಟ್ರೇ, ಸುತ್ತಿ ಬಳಸದೆ ಹೇಳುತ್ತೇನೆ. ಡಿಪಾಸಿಟ್ ಇಟ್ಟು ಸೇರುವುದು ನಿಮ್ಮ ಕೈಲಿ ಆಗುವುದಿಲ್ಲ. ಫ್ಲಾಟ್ ಕೊಂಡರೆ ತಿಂಗಳ ಲೆಕ್ಕ ಕೂಡುತ್ತದೆ, ಆದರೆ ಈಗಲೇ ಕೊಳ್ಳಬೇಡಿ. ಮಗನ ಮಾತಿಗೆ ಮನೆ ಬರೆದುಕೊಡಬೇಡಿ. ಮೊದಲ ಎರಡಕ್ಕೂ ಕಾರಣ ನೀವು ಕಳಿಸಿದ ಹಾಳೆಗಳಲ್ಲೇ ಇದೆ, ಮೂರನೆಯದಕ್ಕೆ ಆಮೇಲೆ ಬರುತ್ತೇನೆ.

ಡಿಪಾಸಿಟ್ ಜಾಗದಿಂದ ಶುರು ಮಾಡೋಣ. ಹಾಳೆಯ ಮೇಲುಗಡೆ ದಪ್ಪ ಅಕ್ಷರದಲ್ಲಿ 46,000 ಅಂತ ಇದೆ. ಪೆನ್ಷನ್ನಿಗಿಂತ ಬರೀ ಎರಡು ಸಾವಿರ ಜಾಸ್ತಿ, ಬಡ್ಡಿ ಹೇಗೂ ಬರುತ್ತದಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಆ ಬಡ್ಡಿ ಬರುವುದು ಎಲ್ಲಿಂದ? ಡಿಪಾಸಿಟ್‌ಗೆ ಕೊಡಬೇಕಾದ ಅದೇ ದುಡ್ಡಿನಿಂದ. ಹಿರಿಯ ನಾಗರಿಕರ ಯೋಜನೆಯಲ್ಲಿ ಬಡ್ಡಿ 8.2%. ನಿಮ್ಮ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ, ಅಂದರೆ ತಿಂಗಳಿಗೆ 20,500. ಅದರಲ್ಲಿ 20 ಲಕ್ಷ ಹೋಯಿತು ಅಂದರೆ 13,667 ಹೋಯಿತು. ಇದು ಅವರ ಹಾಳೆಯಲ್ಲಿ ಎಲ್ಲೂ ಇಲ್ಲ, ಇರುವುದೂ ಇಲ್ಲ. ಜೊತೆಗೆ ಮೂರನೇ ಪುಟದಲ್ಲಿ ಒಂದು ಸಾಲು ಇದೆ, ನೋಡಿದ್ದೀರಾ? ಡಿಪಾಸಿಟ್‌ನಲ್ಲಿ ವರ್ಷಕ್ಕೆ 4% ಕಡಿತ, ಐದು ವರ್ಷದವರೆಗೆ. ವರ್ಷಕ್ಕೆ 80,000 ಅದು. ತಿಂಗಳಿಗೆ ಹಂಚಿದರೆ 6,667. ಎಲ್ಲ ಕೂಡಿಸಿ. 46,000 ಅಂತ ಕಂಡದ್ದು 66,000 ದಾಟುತ್ತದೆ.

ಕೈಗೆ ಬರುವುದನ್ನೂ ನೋಡಿ. ಉಳಿದ 12 ಲಕ್ಷವನ್ನು ಅದೇ ಬಡ್ಡಿಗೆ ಇಟ್ಟರೆ ತಿಂಗಳಿಗೆ 8,200. ಪೆನ್ಷನ್ ಸೇರಿ 52,200. ಅವರ ಬಿಲ್ಲು, ನಿಮ್ಮ ಔಷಧಿ ಮತ್ತು ಇನ್ಶೂರೆನ್ಸು, ಇಷ್ಟಕ್ಕೇ 55,000. ಮೊದಲ ತಿಂಗಳೇ ಕೊರತೆ. ಇನ್ನು ಫೋನು, ಹಣ್ಣು ಹಂಪಲು, ಮದುವೆ ಮುಂಜಿಗೆ ಊರಿಗೆ ಬಂದು ಹೋಗುವುದು ಯಾವುದೂ ಲೆಕ್ಕಕ್ಕೆ ಬಂದಿಲ್ಲ. ಇನ್ನೊಂದು ತೊಡಕು ಇದೆ. ಈ ಯೋಜನೆಯಲ್ಲಿ ಒಂದೇ ಖಾತೆ ಇದ್ದರೆ ಅದರಿಂದ ಬೇಕಾದಷ್ಟೇ ತೆಗೆಯಲು ಬರುವುದಿಲ್ಲ, ಪೂರ್ತಿ ಮುಚ್ಚಬೇಕು. ಎರಡು ವರ್ಷ ಆಗಿದ್ದರೆ ಅಸಲಿನಲ್ಲಿ 1% ಹಿಡಿಯುತ್ತಾರೆ, ಒಂದರಿಂದ ಎರಡು ವರ್ಷದೊಳಗೆ ಆದರೆ 1.5%.

ಇಷ್ಟಕ್ಕೇ ಮುಗಿಯುವುದಿಲ್ಲ. ವರ್ಷಕ್ಕೆ 8% ಏರಿಕೆ ಅಂತ ಹಾಳೆಯಲ್ಲೇ ಬರೆದಿದ್ದಾರೆ. 46,000 ಐದು ವರ್ಷಕ್ಕೆ 67,600 ಆಗುತ್ತದೆ, ಹತ್ತು ವರ್ಷಕ್ಕೆ 99,300. ನಿಮ್ಮ ಪೆನ್ಷನ್ನಿಗೆ ಡಿಎ, ಅಂದರೆ ತುಟ್ಟಿಭತ್ಯೆ, ಸೇರುತ್ತಾ ಹೋಗುತ್ತದೆ, ಒಪ್ಪಿದೆ. ವರ್ಷಕ್ಕೆ 5% ಏರುತ್ತದೆ ಅಂತ ಧಾರಾಳವಾಗಿಯೇ ಹಿಡಿಯಿರಿ. ಐದು ವರ್ಷಕ್ಕೆ 56,000, ಹತ್ತು ವರ್ಷಕ್ಕೆ 71,700. ಇವತ್ತು ಎರಡು ಸಾವಿರ ಇರುವ ಅಂತರ ಹತ್ತು ವರ್ಷಕ್ಕೆ 27,600 ಆಗುತ್ತದೆ. ಆಗ ನಿಮಗೆ 79. ಖರ್ಚು ಕಡಿಮೆ ಮಾಡಿಕೊಳ್ಳುವ ವಯಸ್ಸಲ್ಲ ಅದು. ಈ ಜಾಗದ ವಿಷಯ ಇಲ್ಲಿಗೆ ಬಿಡಿ.

ಫ್ಲಾಟಿನ ಲೆಕ್ಕ ಬೇರೆ. 58 ಲಕ್ಷ ಅನ್ನುವುದು ಬೆಲೆ, ಖರ್ಚಲ್ಲ. ಕಟ್ಟುತ್ತಿರುವ ಫ್ಲಾಟಿಗೆ 5% ಜಿಎಸ್‌ಟಿ ಇದೆ, 2.9 ಲಕ್ಷ. ಕೆಲಸ ಪೂರ್ತಿಯಾಗಿ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಇದು ಇಲ್ಲ, ನೆನಪಿರಲಿ. ನಮ್ಮ ರಾಜ್ಯದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಸ್ಟಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ ಕೊನೆಯಿಂದ 2% ಆಯಿತು. ಎಲ್ಲ ಸೇರಿ 7.6%, ಅಂದರೆ 4.4 ಲಕ್ಷ. ಕಾರ್ಪಸ್ ಅಂತ, ಅಂದರೆ ಮುಂದಿನ ದೊಡ್ಡ ರಿಪೇರಿಗಳಿಗೆ ಕೂಡಿಡುವ ನಿಧಿಗೆ, 3 ಲಕ್ಷ ಕೇಳಿದ್ದಾರೆ. ಅಡುಗೆಮನೆ ಕಪಾಟು, ಫ್ಯಾನು, ಮಂಚ, ಕರ್ಟನ್ನು ಅಂತ ಎಷ್ಟು ಬಿಗಿ ಹಿಡಿದರೂ 2 ಲಕ್ಷ ಆಗುತ್ತದೆ. ಒಟ್ಟು 70 ಲಕ್ಷ. ಬಳ್ಳಾರಿ ಮನೆ ಮಾರಿ, ಮೇಲೆ ಉಳಿತಾಯದಿಂದ 5 ಲಕ್ಷ ಹಾಕಬೇಕು.

ತಿಂಗಳ ಬಿಲ್ಲಿಗೆ ಬನ್ನಿ. ಮೇಂಟೆನೆನ್ಸ್ 9,800 ಅಂತ ಇದೆ, ಕೆಳಗೆ ಸಣ್ಣಕ್ಷರದಲ್ಲಿ 'ತೆರಿಗೆ ಪ್ರತ್ಯೇಕ'. ನಿವಾಸಿಗಳ ಸಂಘವೇ ನಡೆಸುವ ಅಪಾರ್ಟ್‌ಮೆಂಟಾದರೆ ತಿಂಗಳಿಗೆ ತಲಾ 7,500ರವರೆಗೆ ಜಿಎಸ್‌ಟಿ ಇಲ್ಲ. ಕಂಪನಿ ನಡೆಸಿದರೆ ಆ ವಿನಾಯಿತಿ ಸಿಗುವುದಿಲ್ಲ, 18% ಕಟ್ಟಬೇಕು. 11,564 ಆಯಿತು. ಊಟ ತಲೆಗೆ 6,000, ಅದಕ್ಕೆ 5% ತೆರಿಗೆ. ಇಬ್ಬರಿಗೆ 12,600. ಕರೆಂಟು, ಜನರೇಟರು, ಹಾಲು, ಬಟ್ಟೆ ಇಸ್ತ್ರಿ ಅಂತ 5,000 ಇಡಿ. ಔಷಧಿ, ಇನ್ಶೂರೆನ್ಸ್ ನಿಮ್ಮದೇ 9,000. ಹತ್ತಿರ ಹತ್ತಿರ 38,000. ಉಳಿದ 27 ಲಕ್ಷಕ್ಕೆ ಬಡ್ಡಿ ತಿಂಗಳಿಗೆ 18,450, ಪೆನ್ಷನ್ ಸೇರಿ 62,450. ಆರಾಮಾಗಿ ನಡೆಯುತ್ತದೆ. ಅದಕ್ಕೇ ತಿಂಗಳ ಲೆಕ್ಕ ಕೂಡುತ್ತದೆ ಅಂದದ್ದು.

ಹಾಗಾದರೆ ಬೇಡ ಅನ್ನುವುದೇಕೆ? ಈ 38,000 ಇಬ್ಬರೂ ಗಟ್ಟಿಯಾಗಿ ಓಡಾಡಿಕೊಂಡಿರುವ ತನಕದ ಲೆಕ್ಕ. ಸೀನಿಯರ್ ಲಿವಿಂಗ್ ಅಂತ ಮಾರುವುದರಲ್ಲಿ ಹೆಚ್ಚಿನವು ತಮ್ಮ ಕೆಲಸ ತಾವು ಮಾಡಿಕೊಳ್ಳುವವರಿಗೆ ಮಾಡಿದ್ದು. ಕಸ ಗುಡಿಸುತ್ತಾರೆ, ಊಟ ಕೊಡುತ್ತಾರೆ, ಗೇಟಿನಲ್ಲಿ ವಾಚ್‌ಮನ್ ಇರುತ್ತಾನೆ, ಬಾತ್‌ರೂಮಿನಲ್ಲಿ ಎಳೆಯಲು ಬೆಲ್ಲಿನ ದಾರ ಇರುತ್ತದೆ, ಆಂಬುಲೆನ್ಸ್ ಕರೆಸುತ್ತಾರೆ. ಸ್ನಾನ ಮಾಡಿಸುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ರಾತ್ರಿ ಎಬ್ಬಿಸಿ ಟಾಯ್ಲೆಟ್ಟಿಗೆ ಕರೆದೊಯ್ಯುವುದು ಇದರಲ್ಲಿ ಇಲ್ಲ. ಜನ ಹಿರಿಯರ ಜಾಗ ಅಂದ ಕೂಡಲೇ ಎಲ್ಲ ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಮಕ್ಕಳೂ ಹಾಗೇ ಅಂದುಕೊಂಡು ನಿಶ್ಚಿಂತೆಯಾಗುತ್ತಾರೆ.

ನೋಡಿಕೊಳ್ಳುವುದಕ್ಕೆ ರೇಟು ಬೇರೆ. ನಿಮ್ಮ ಫ್ಲಾಟಿನ ಹಾಳೆಯ ಕೊನೆಯ ಪುಟದಲ್ಲಿ, ಬ್ಯಾಂಕ್ ಖಾತೆಯ ನಂಬರಿನ ಮೇಲೆ ಇದೆ: 'ಆರೈಕೆ ಸಹಾಯಕರು, ಬೇಡಿಕೆಯ ಮೇರೆಗೆ, 12 ಗಂಟೆಗೆ 950'. ತಿಂಗಳು ಪೂರ್ತಿ ಹಗಲಿಗೆ ಒಬ್ಬರು ಬೇಕಾದರೆ 28,500. ಹಗಲು ರಾತ್ರಿ ಎರಡೂ ಬೇಕಾದರೆ 57,000. 38,000ಕ್ಕೆ ಇದನ್ನು ಸೇರಿಸಿದರೆ 95,000. ಕೈಗೆ ಬರುವುದು 62,450. ತೊಡೆಮೂಳೆ ಮುರಿದು ಮೂರು ತಿಂಗಳು ಮಲಗುವ ಪ್ರಸಂಗ ಬಂದರೆ ಉಳಿತಾಯದಿಂದ ತೆಗೆದು ತಡೆದುಕೊಳ್ಳಬಹುದು. ಪಾರ್ಶ್ವವಾಯುವೋ, ಮರೆವಿನ ಕಾಯಿಲೆಯೋ ಬಂದು ವರ್ಷಗಟ್ಟಲೆ ನಡೆದರೆ ಆಗುವುದಿಲ್ಲ. ಆಗ ಮನೆ ಮಾರೋಣ ಅಂದರೆ ಮಾರಲು ಇರುವುದು ಆ ಫ್ಲಾಟೊಂದೇ.

ಆ ಫ್ಲಾಟನ್ನು ಮಾರುವುದೂ ಸುಲಭವಲ್ಲ. ಇಂಥ ಕಡೆ ವಾಸಕ್ಕೆ ವಯಸ್ಸಿನ ಮಿತಿ ಇಟ್ಟಿರುತ್ತಾರೆ. ಕೊಳ್ಳುವವರಲ್ಲಿ ಅರ್ಧಕ್ಕರ್ಧ ಜನ ಅಲ್ಲೇ ಕಡಿಮೆಯಾದರು. ಮರುಮಾರಾಟಕ್ಕೆ ಕಂಪನಿಯ ಒಪ್ಪಿಗೆ, ವರ್ಗಾವಣೆ ಶುಲ್ಕ ಅಂತ ಇದೆಯಾ ನೋಡಿ. ನಿಮ್ಮ ನಂತರ ಮಕ್ಕಳಿಗೆ ಬಂದರೂ ಅವರು ಅಲ್ಲಿ ಇರಲು ಬರುವುದಿಲ್ಲ. ಮಾರುವ ತನಕ ಖಾಲಿ ಬಿದ್ದ ಫ್ಲಾಟಿಗೆ ಮೇಂಟೆನೆನ್ಸ್ ಮಾತ್ರ ತಿಂಗಳು ತಿಂಗಳೂ ಕಟ್ಟುತ್ತಿರಬೇಕು. ಗಾಂಧಿನಗರದ ಮನೆಗೆ ಈ ತೊಂದರೆ ಇಲ್ಲ. ಬೀಗ ಹಾಕಿಟ್ಟರೆ ತೆರಿಗೆ ಬಿಟ್ಟು ಯಾರೂ ಏನೂ ಕೇಳುವುದಿಲ್ಲ.

ಇನ್ನೊಂದು ಮಾತು, ಆಡುವುದಕ್ಕೆ ಕಷ್ಟವಾದದ್ದು. ಸರ್ಕಾರಿ ಪೆನ್ಷನ್ನಿನವರು ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ನಿಮ್ಮ ಪೆನ್ಷನ್ ಕೊನೆಯ ಸಂಬಳದ 50% ಮೇಲೆ ನಿಂತಿದೆ. ನಿಮ್ಮ ನಂತರ ನಿಮ್ಮ ಮನೆಯವರಿಗೆ ಬರುವ ಕುಟುಂಬ ಪಿಂಚಣಿ 30% ಮೇಲೆ. 44,000 ಇದ್ದದ್ದು 26,400ರ ಸುಮಾರಿಗೆ ಇಳಿಯುತ್ತದೆ. ಬಿಲ್ಲು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಫ್ಲಾಟಿನಲ್ಲಿ ಒಬ್ಬರ ಊಟ ಕಡಿಮೆಯಾಗುತ್ತದೆ, ಮೇಂಟೆನೆನ್ಸ್ ಅಷ್ಟೇ ಇರುತ್ತದೆ. ಡಿಪಾಸಿಟ್ ಜಾಗದಲ್ಲಿ ಒಬ್ಬರಿಗೇ 37,000 ಅಂತ ಹಾಳೆ ಹೇಳುತ್ತದೆ. ನಿಮ್ಮ ಮನೆಯವರು ನಿಮಗಿಂತ ಐದು ವರ್ಷ ಚಿಕ್ಕವರು. ಕೊನೆಯ ವರ್ಷಗಳ ಬಿಲ್ಲು ಕಟ್ಟುವವರು ಬಹುಶಃ ಅವರೇ. ಹಾಗಾಗಿ ನಿರ್ಧಾರ ಮಾಡುವಾಗ ಇಬ್ಬರ ಲೆಕ್ಕ ಒಂದು ಹಾಳೆಯಲ್ಲಿ, ಅವರೊಬ್ಬರ ಲೆಕ್ಕ ಇನ್ನೊಂದು ಹಾಳೆಯಲ್ಲಿ ಬರೆಯಿರಿ. ಫ್ಲಾಟಿನಲ್ಲಿ ಅವರೊಬ್ಬರೇ ಇದ್ದರೆ, ಹಗಲಿಗೊಬ್ಬ ಸಹಾಯಕಿ ಬೇಕಾದರೆ, ತಿಂಗಳಿಗೆ 54,000 ದಾಟುತ್ತದೆ. ಬರುವುದು 44,850. ಬ್ಯಾಂಕಿನಲ್ಲಿ ಕುಟುಂಬ ಪಿಂಚಣಿಗೆ ಜಂಟಿ ಖಾತೆ, ಅವರ ಹೆಸರು, ಹುಟ್ಟಿದ ದಿನಾಂಕ ಸರಿಯಾಗಿ ಇದೆಯಾ ಅಂತ ಈ ವಾರವೇ ಹೋಗಿ ನೋಡಿ. ಅದಕ್ಕೆ ಯಾವ ಫ್ಲಾಟೂ ಬೇಕಿಲ್ಲ.

ಮನೆ ಮಾರುವ ಮಾತು ಬಂದಿದೆಯಲ್ಲ, ತೆರಿಗೆಯ ಒಂದು ಸೂಕ್ಷ್ಮ ಇದೆ. ಹಳೆಯ ಮನೆ ಮಾರಿದಾಗ ಬರುವ ಲಾಭಕ್ಕೆ 12.5% ತೆರಿಗೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡದ್ದಾದರೆ ಕೊಂಡ ಬೆಲೆಯನ್ನು ಹಣದುಬ್ಬರದ ಸೂಚ್ಯಂಕಕ್ಕೆ ತಕ್ಕಂತೆ ಏರಿಸಿ, ಆಗ ಉಳಿಯುವ ಲಾಭಕ್ಕೆ 20% ಲೆಕ್ಕವೂ ಮಾಡಿ ನೋಡಬಹುದು, ಯಾವುದು ಕಡಿಮೆಯೋ ಅದು. ಆ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು ಹಾಕಿದರೆ ತೆರಿಗೆ ಉಳಿಯುತ್ತದೆ, ಫ್ಲಾಟಿಗೂ ಇದು ಸಲ್ಲುತ್ತದೆ. ಡಿಪಾಸಿಟ್‌ಗೆ ಸಲ್ಲುವುದಿಲ್ಲ, ಯಾಕೆಂದರೆ ಅಲ್ಲಿ ನೀವು ಮನೆ ಕೊಂಡಿಲ್ಲ, ಇರುವುದಕ್ಕೆ ದುಡ್ಡು ಇಟ್ಟಿದ್ದೀರಿ ಅಷ್ಟೇ. ಮನೆ ಮಾರಿ ಡಿಪಾಸಿಟ್ ಕಟ್ಟಿದವರಿಗೆ ತೆರಿಗೆ ನೋಟಿಸು ಬಂದಾಗಲೇ ಇದು ಗೊತ್ತಾಗುತ್ತದೆ.

ಈಗ ಮಗನ ವಿಷಯ. ಅವನ ಮೇಲೆ ನನಗೆ ಅನುಮಾನ ಇಲ್ಲ, ಕಾಗದದ ಮೇಲೆ ಇದೆ. ಮನೆಯವರ ನಡುವೆ ದಾನಪತ್ರಕ್ಕೆ ಖರ್ಚು ಕಡಿಮೆ, ಒಂದೇ ದಿನದಲ್ಲಿ ಮುಗಿಯುತ್ತದೆ. ಅದಕ್ಕೇ ಬೇಗ ಮಾಡಿಬಿಡುತ್ತಾರೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಲ್ಲಿ 23ನೇ ಸೆಕ್ಷನ್ ಇದೆ. ನೋಡಿಕೊಳ್ಳುತ್ತೇನೆ ಅನ್ನುವ ಷರತ್ತಿನ ಮೇಲೆ ಆಸ್ತಿ ಪಡೆದು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಆದರೆ ಆ ಷರತ್ತು ಇತ್ತು ಅಂತ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂದಿತು. ನಮ್ಮಲ್ಲಿ ಈ ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗಳ ಮುಂದೆ, ಎಸಿ ಆಫೀಸು ಅಂತೀವಲ್ಲ, ಅಲ್ಲಿಗೆ. ಅವರು ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶ ತಿಂಗಳಿಗೆ ಹೆಚ್ಚೆಂದರೆ 10,000. 38,000 ಬಿಲ್ಲಿಗೆ ಅದು ಯಾವ ಮೂಲೆಗೆ? ಮಗ ಹೊರದೇಶದಲ್ಲಿದ್ದರೆ ಆದೇಶ ಜಾರಿ ಮಾಡಿಸುವುದು ಇನ್ನೊಂದು ರಗಳೆ. ಮನೆ ನಿಮ್ಮ ಹೆಸರಲ್ಲೇ ಇರಲಿ. ಯಾರಿಗೆ ಹೋಗಬೇಕು ಅಂತ ಉಯಿಲು ಬರೆದು ನೋಂದಣಿ ಮಾಡಿಸಿಡಿ. ಮನಸ್ಸು ಬದಲಾದರೆ ಉಯಿಲು ಬದಲಾಯಿಸಬಹುದು, ದಾನಪತ್ರವನ್ನು ಹಾಗೆ ಬದಲಾಯಿಸಲು ಬರುವುದಿಲ್ಲ. ಮಗನಿಗೆ ಸಹಾಯ ಮಾಡುವ ಮನಸ್ಸಿದ್ದರೆ ತಿಂಗಳಿಗೆ ಇಷ್ಟು ಅಂತ ಈಗಿನಿಂದಲೇ ಕಳಿಸಲಿ. ಅದಕ್ಕೆ ಮನೆ ಯಾಕೆ ಬೇಕು, ಅಲ್ವಾ?

ಈಗ ಬಳ್ಳಾರಿಯಲ್ಲೇ ಇದ್ದರೆ ಏನು ಅಂತ ನೋಡಿ. ತಿಂಗಳಿಗೆ ಬರುವುದು 64,500. ಖರ್ಚು 35,000. ಕೈಯಲ್ಲಿ 29,500 ಉಳಿಯುತ್ತಿದೆ. ಸೀನಿಯರ್ ಲಿವಿಂಗಿನವರು ಮಾರುವ ಸೇವೆಗಳಲ್ಲಿ ಹೆಚ್ಚಿನವನ್ನು ಈ ದುಡ್ಡಿನಲ್ಲಿ ಮನೆಗೇ ತರಿಸಿಕೊಳ್ಳಬಹುದು. ಎರಡು ಹೊತ್ತು ಬಂದು ಅಡುಗೆ ಮಾಡುವವರು, ಮನೆಗೆಲಸದವರು, ಬೇಕಾದಾಗ ಕರೆದರೆ ಬರುವ ಡ್ರೈವರು. ಇವರೆಲ್ಲರ ಕೂಲಿ ಬೆಂಗಳೂರಿಗಿಂತ ನಮ್ಮೂರಲ್ಲಿ ಕಡಿಮೆಯೇ. ಮುಂದೆ ಕಾಯಿಲೆ ಬಿದ್ದಾಗ ನೋಡಿಕೊಳ್ಳುವವರನ್ನು ಇಟ್ಟುಕೊಂಡರೂ ಅಷ್ಟೇ.

ಆದರೆ ಮನೆಯನ್ನು ವಯಸ್ಸಿಗೆ ತಕ್ಕ ಹಾಗೆ ಮಾಡಿಕೊಳ್ಳಬೇಕು, ಇದರಲ್ಲಿ ಜುಗ್ಗತನ ಬೇಡ. ನಮ್ಮ ಕಡೆಯ ಹಳೆ ಮನೆಗಳಲ್ಲಿ ಬಾತ್‌ರೂಮಿಗೆ ಎರಡಿಂಚಿನ ಹೊಸ್ತಿಲು, ನುಣುಪು ಕಡಪಾ ಕಲ್ಲು, ಟಾಯ್ಲೆಟ್ ಹಿತ್ತಲಲ್ಲಿ. ಹೊಸ್ತಿಲು ಕಿತ್ತು ಇಳಿಜಾರು ಮಾಡಿಸಿ. ಜಾರದ ಟೈಲ್ಸ್ ಹಾಕಿಸಿ. ಕಮೋಡಿನ ಪಕ್ಕ, ನಲ್ಲಿಯ ಪಕ್ಕ ಗೋಡೆಗೆ ಸ್ಟೀಲಿನ ಹಿಡಿಕೆ. ಅದನ್ನು ಅಂಟಿಸುವುದಲ್ಲ, ಇಟ್ಟಿಗೆಗೆ ಡ್ರಿಲ್ ಹಾಕಿ ಬೋಲ್ಟ್ ಮಾಡಬೇಕು. ಮಂಚದಿಂದ ಬಾತ್‌ರೂಮಿನವರೆಗೆ ರಾತ್ರಿಯೆಲ್ಲ ಉರಿಯುವ ಸಣ್ಣ ದೀಪ. ಇವೆಲ್ಲ ಬೆಂಗಳೂರಿನ ಬ್ರೋಷರಿನಲ್ಲಿ ದೊಡ್ಡದಾಗಿ ಅಚ್ಚು ಹಾಕುವ ಸೌಲಭ್ಯಗಳೇ.

ಬಳ್ಳಾರಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ನೀರು. ನಲ್ಲಿ ನೀರು ಬಿಡುವ ದಿನ ಹೊತ್ತಲ್ಲದ ಹೊತ್ತಲ್ಲಿ ಎದ್ದು, ಸಂಪಿನ ಮುಚ್ಚಳ ಎತ್ತಿ, ಬಗ್ಗಿ ನೋಡಿ, ಮೋಟಾರು ಹಾಕುವುದು ನಿಮ್ಮ ವಯಸ್ಸಿನವರು ಮಾಡುವ ಅತ್ಯಂತ ಅಪಾಯದ ಕೆಲಸ. ತೇಲುವ ವಾಲ್ವು ಮತ್ತು ನೀರಿನ ಮಟ್ಟ ನೋಡಿ ತಾನೇ ಮೋಟಾರು ಹಾಕಿ ಆರಿಸುವ ಸ್ವಿಚ್ಚು ಕೂರಿಸಿ. ಸಂಪಿಗೆ ಹಗುರವಾದ, ಬೀಗ ಇರುವ ಮುಚ್ಚಳ ಮಾಡಿಸಿ. ಬೇಸಿಗೆಗೆ ಒಂದು ರೂಮಿಗಾದರೂ ಎಸಿ, ಕರೆಂಟು ಹೋದರೆ ಫ್ಯಾನು ನಡೆಯುವಷ್ಟು ಯುಪಿಎಸ್ ಇರಲಿ. ಮೇ ತಿಂಗಳ ಬಿಸಿಲು ವಯಸ್ಸಾದವರಿಗೆ ಸುಮ್ನೆ ಸೆಕೆ ಅಲ್ಲ, ಆಸ್ಪತ್ರೆ ಸೇರಿಸುತ್ತದೆ. ನನ್ನ ಅಂದಾಜಿನಲ್ಲಿ ಇಷ್ಟೆಲ್ಲ ಎರಡು ಲಕ್ಷದ ಆಸುಪಾಸಿನಲ್ಲಿ ಮುಗಿಯಬೇಕು. ಯೋಜನೆಯಲ್ಲಿಲ್ಲದ ನಿಮ್ಮ ಎರಡು ಲಕ್ಷ ಇದೆಯಲ್ಲ, ಅದು ಇದಕ್ಕೇ ಸರಿ.

ನಿಮ್ಮ ಬೀದಿಯ ಆ ನಾಲ್ಕೈದು ಮನೆಗಳ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಲು ಅದು. ಎಲ್ಲರೂ ಸೇರಿ ಒಬ್ಬ ಅಡುಗೆಯವರನ್ನು, ಒಬ್ಬ ಡ್ರೈವರನ್ನು ಇಟ್ಟುಕೊಳ್ಳಿ. ವಾರಕ್ಕೊಮ್ಮೆ ನರ್ಸ್ ಬಂದು ಎಲ್ಲರ ಬಿಪಿ, ಶುಗರ್ ನೋಡಿ ಬರೆದಿಡಲಿ. ಬೆಳಿಗ್ಗೆ ಎಂಟರೊಳಗೆ ಬಾಗಿಲು ತೆಗೆಯದ ಮನೆಗೆ ಪಕ್ಕದವರು ಫೋನ್ ಮಾಡುವುದು ಅಂತ ಮಾತಾಡಿಕೊಳ್ಳಿ. ಒಂದೊಂದು ಮನೆಯ ಕೀಲಿ ಇನ್ನೊಂದು ಮನೆಯಲ್ಲಿರಲಿ. ತಿಂಗಳ ಲೆಕ್ಕ ಒಬ್ಬರು ಬರೆಯಲಿ, ಮುಂದಿನ ತಿಂಗಳು ಬೇರೆಯವರು ಬರೆಯಲಿ, ಇಲ್ಲದಿದ್ದರೆ ಮೂರನೇ ತಿಂಗಳಿಗೆ ಮನಸ್ತಾಪ ಖಾತ್ರಿ. ದೊಡ್ಡ ಕಾಯಿಲೆಗೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಹಿಂದೆ ವಿಮ್ಸ್ ಅಂತಿದ್ದದ್ದು, ಊರೊಳಗೇ ಇದೆ. ಹೃದಯ, ಮೆದುಳಿನ ದೊಡ್ಡ ಚಿಕಿತ್ಸೆಗೆ ಬೆಂಗಳೂರೋ ಹೈದರಾಬಾದೋ ಅಂತ ಓಡುವುದು ನಮ್ಮ ಕಡೆ ಇದ್ದದ್ದೇ. ಆ ಒಂದು ವಿಷಯದಲ್ಲಿ ನಿಮ್ಮ ಮಗಳ ಆತಂಕ ಸುಳ್ಳಲ್ಲ.

ಹಾಗಾಗಿ ಬೆಂಗಳೂರನ್ನು ಪೂರ್ತಿ ಬಿಡಿ ಅನ್ನುವುದಿಲ್ಲ. ಬಾಡಿಗೆಗೆ ಇದ್ದು ನೋಡಿ. ಜನ ಇರುವ ಬ್ಲಾಕಿನಲ್ಲಿ ಕೊಂಡವರು ಕೆಲವರು 22,000ಕ್ಕೆ ಬಾಡಿಗೆಗೆ ಕೊಡುತ್ತಾರೆ ಅಂತ ಹಾಳೆಯ ಹಿಂದೆ ನೀವೇ ಪೆನ್ಸಿಲಿನಲ್ಲಿ ಗೀಚಿದ್ದೀರಿ. ಬಾಡಿಗೆ, ಮೇಂಟೆನೆನ್ಸ್, ಊಟ ಸೇರಿ 46,164. ಔಷಧಿ ಮತ್ತು ಮೇಲುಖರ್ಚು ಹಿಡಿದರೂ 60,000 ಆಯಿತು. ನಿಮಗೆ ಬರುವುದು 64,500. ಬಳ್ಳಾರಿ ಮನೆಗೆ ಬೀಗ ಹಾಕಿ ಆರು ತಿಂಗಳು ಇದ್ದು ಬಂದರೆ ಅಸಲಿನ ಒಂದು ರೂಪಾಯಿಯನ್ನೂ ಮುಟ್ಟಬೇಕಾಗುವುದಿಲ್ಲ. ಅದೇ ಫ್ಲಾಟ್ ಕೊಂಡು, ಆರು ತಿಂಗಳಿಗೆ ಮನಸ್ಸು ಮುರಿದು ಮಾರಿದಿರಿ ಅನ್ನಿ. ಜಿಎಸ್‌ಟಿ, ಸ್ಟಾಂಪು ಅಂತ ಕೊಟ್ಟ 7.3 ಲಕ್ಷ ಯಾರೂ ವಾಪಸ್ ಕೊಡುವುದಿಲ್ಲ.

ಒಂದೇ ಒಂದು ಸಲಹೆ, ಬೇಸಿಗೆಯಲ್ಲಿ ಹೋಗಬೇಡಿ. ಏಪ್ರಿಲ್‌ನಲ್ಲಿ ಬಳ್ಳಾರಿಯಿಂದ ಹೋದವರಿಗೆ ಬೆಂಗಳೂರಿನ ಗೋಡೌನ್ ಕೂಡ ಇಷ್ಟವಾಗುತ್ತದೆ. ಜುಲೈನಿಂದ ಡಿಸೆಂಬರ್ ಇದ್ದು ನೋಡಿ. ಗಣಪತಿ ಹಬ್ಬ, ದಸರಾ, ದೀಪಾವಳಿ ಮೂರೂ ಅಲ್ಲಿ ಕಳೆಯುತ್ತವೆ. ಹೊಂದಿಕೆಯಾಗುತ್ತದೋ ಇಲ್ಲವೋ ಅಂತ ಹಬ್ಬದ ದಿನ ಗೊತ್ತಾಗುತ್ತದೆ. ಮಗಳು ವಾರಕ್ಕೊಮ್ಮೆ ಬರುತ್ತಾಳೋ, ತಿಂಗಳಿಗೊಮ್ಮೆ ಬರುತ್ತಾಳೋ ಅದೂ ಗೊತ್ತಾಗುತ್ತದೆ. ಬೆಂಗಳೂರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದು ಕೆಲವು ದಿನ ಹೊಸಪೇಟೆಗೆ ಹೋಗಿ ಬರುವುದಕ್ಕಿಂತ ಜಾಸ್ತಿ ಹೊತ್ತಿನ ಕೆಲಸ. ಊರಿಗೆ ಬರಬೇಕಾದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಇದೆ. ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಸರ್ಕಾರಿ ಬಸ್ಸಿನಲ್ಲಿ ನಿಮಗೆ 25% ಕಡಿಮೆ, ನಿಮ್ಮ ಮನೆಯವರಿಗೆ ಶಕ್ತಿ ಯೋಜನೆಯಲ್ಲಿ ಸಾದಾ ಮತ್ತು ಎಕ್ಸ್‌ಪ್ರೆಸ್ ಬಸ್ಸು ಪುಕ್ಕಟೆ. ಆದರೆ ಮುನ್ನೂರು ಕಿಲೋಮೀಟರ್ ಕೂತು ಬರಲು ಸೊಂಟ ಒಪ್ಪಬೇಕಲ್ಲ.

ರೊಟ್ಟಿಯ ಪ್ರಶ್ನೆಯನ್ನು ನೀವು ತಮಾಷೆಗೆ ಬರೆದಂತಿದೆ, ಅದು ದುಡ್ಡಿನ ಪ್ರಶ್ನೆಯೇ. ಹಾಳೆಯಲ್ಲಿರುವ ಮೆನು ನೋಡಿದೆ. ಇಡ್ಲಿ, ಉಪ್ಪಿಟ್ಟು, ಚಪಾತಿ, ಅನ್ನ, ಸಾಂಬಾರು. ಜೋಳದ ರೊಟ್ಟಿ ಇಲ್ಲ, ಶೇಂಗಾ ಚಟ್ನಿ ಇಲ್ಲ, ವಗ್ಗಾಣಿ ಮೊದಲೇ ಇಲ್ಲ. ಊಟದ ಬಿಲ್ಲು ಕಟ್ಟಿಯೂ ಫ್ಲಾಟಿನಲ್ಲಿ ರೊಟ್ಟಿ ಬಡಿಯುತ್ತಾ ಕೂತರೆ ಎರಡೆರಡು ಖರ್ಚು. ಅದಕ್ಕೆ ಕೇಳಬೇಕಾದದ್ದು ಇದು: ಒಂದು ಹೊತ್ತಿನ ಊಟ ಮಾತ್ರ ತೆಗೆದುಕೊಳ್ಳಬಹುದಾ? ಊರಿಗೆ ಹೋದ ದಿನಗಳ ದುಡ್ಡು ಕಳೆಯುತ್ತಾರಾ? ಫ್ಲಾಟಿನ ಅಡುಗೆಮನೆಯಲ್ಲಿ ಗ್ಯಾಸ್ ಇಡಲು ಬಿಡುತ್ತಾರಾ, ಬರೀ ಇಂಡಕ್ಷನ್ ಒಲೆಯಾ? ಇಂಡಕ್ಷನ್ ಒಲೆಯಲ್ಲಿ ಜ್ವಾಲೆ ಇರುವುದಿಲ್ಲ, ರೊಟ್ಟಿ ಉಬ್ಬಿಸುವುದು ಹೇಗೆ ಅಂತ ಅವರೇ ಹೇಳಲಿ.

ದುಡ್ಡು ಇನ್ನೂ ಬಿಗಿಯಾಗಿರುವ ಓದುಗರಿಗೆ ಎರಡು ಮಾತು. ತೆರಿಗೆ ಇಲಾಖೆಯಲ್ಲಿ ನೋಂದಣಿಯಾದ ಟ್ರಸ್ಟುಗಳು ನಡೆಸುವ ವೃದ್ಧಾಶ್ರಮಗಳಲ್ಲಿ, 60 ದಾಟಿದವರಿಗೆ ಊಟ, ವಸತಿ, ನಿರ್ವಹಣೆ ಎಲ್ಲ ಸೇರಿ ತಲೆಗೆ ತಿಂಗಳಿಗೆ 25,000ರವರೆಗೆ ಜಿಎಸ್‌ಟಿ ಇಲ್ಲ. ದುಡ್ಡು ಕಟ್ಟಿ ಇರುವಂಥ ಒಳ್ಳೆಯ ಆಶ್ರಮಗಳೂ ಇವೆ, ಹೆಸರು ಕೇಳಿದ ಕೂಡಲೇ ಮೂಗು ಮುರಿಯಬೇಕಿಲ್ಲ. ಇನ್ನೊಂದು, ಮನೆ ಇದ್ದು ಕೈಯಲ್ಲಿ ದುಡ್ಡಿಲ್ಲದವರಿಗೆ ಬ್ಯಾಂಕಿನಲ್ಲಿ ರಿವರ್ಸ್ ಮಾರ್ಟ್‌ಗೇಜ್ ಅಂತ ಇದೆ. ಮನೆ ಅಡವಿಟ್ಟು ಬ್ಯಾಂಕಿನವರು ತಿಂಗಳಿಗಿಷ್ಟು ಕೊಡುತ್ತಾರೆ, ಗಂಡ ಹೆಂಡತಿ ಬದುಕಿರುವ ತನಕ ಮನೆಯಲ್ಲೇ ಇರಬಹುದು. ಎಲ್ಲ ಬ್ರಾಂಚಿನಲ್ಲೂ ಇದರ ಬಗ್ಗೆ ತಿಳಿದವರು ಸಿಗುವುದಿಲ್ಲ, ದೊಡ್ಡ ಬ್ರಾಂಚಿನಲ್ಲಿ ಕೇಳಿ. ಮೇಷ್ಟ್ರೇ, ನಿಮಗೂ ಇದು ಕೊನೆಯ ಆಸರೆಯಾಗಿ ಇರಲಿ. ಬಳ್ಳಾರಿ ಮನೆ ಮಾರಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಹಿರಿಯರಿಗೆ ಮಾಹಿತಿಗೋ ದೂರಿಗೋ 14567 ಸಹಾಯವಾಣಿ ಇದೆ, ಕರೆಗೆ ದುಡ್ಡಿಲ್ಲ.

ಇನ್ಶೂರೆನ್ಸ್ ಪಾಲಿಸಿ ಬಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಹೋಗಿದೆ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ನಿಯಂತ್ರಣ ಪ್ರಾಧಿಕಾರದ ಹತ್ತಿರ ಹೋಗಬೇಕು. ಊರು ಬದಲಾದರೆ ಕೆಲವು ಪಾಲಿಸಿಗಳಲ್ಲಿ ಪ್ರೀಮಿಯಂ ಏರುತ್ತದೆ, ಅದನ್ನು ಏಜೆಂಟರ ಹತ್ತಿರ ಕೇಳಿಟ್ಟುಕೊಳ್ಳಿ.

ಮುಂದಿನ ಸಲ ಆ ಜಾಗಕ್ಕೆ ಹೋದಾಗ ಮಾರಾಟದ ಹುಡುಗರ ಜೊತೆ ಕೂರಬೇಡಿ. ಊಟದ ಹಾಲಿನಲ್ಲಿ ಕೂತು, ಮೂರು ನಾಲ್ಕು ವರ್ಷದಿಂದ ಅಲ್ಲೇ ಇರುವವರನ್ನು ಮಾತಾಡಿಸಿ. ಮೇಂಟೆನೆನ್ಸ್ ರಸೀದಿ ತೋರಿಸಿ ಅಂತ ಕೇಳಿ. ಏರಿಕೆ ಎಷ್ಟು ಅಂತ ಬಾಯಿ ಮಾತಿನಲ್ಲಿ ಹೇಳುವುದಕ್ಕೂ ರಸೀದಿ ಹೇಳುವುದಕ್ಕೂ ವ್ಯತ್ಯಾಸ ಇರುತ್ತದೆ. ಕಟ್ಟಿ ಮಾರುವವರ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ರೇರಾ. ಕಟ್ಟುತ್ತಿರುವ ಬ್ಲಾಕಿಗೆ ರೇರಾ ನೋಂದಣಿ ಸಂಖ್ಯೆ ಕೇಳಿ, ಅದರ ವೆಬ್‌ಸೈಟಿನಲ್ಲಿ ಮಗಳಿಂದ ನೋಡಿಸಿ. ಅಗ್ರಿಮೆಂಟ್ ನೋಂದಣಿಯಾಗುವ ಮುಂಚೆ 10%ಗಿಂತ ಜಾಸ್ತಿ ದುಡ್ಡು ಕೇಳುವ ಹಕ್ಕು ಅವರಿಗಿಲ್ಲ. ರೇರಾ ನೋಡುವುದು ಕಟ್ಟಡವನ್ನು. ಊಟ, ಡಾಕ್ಟರು, ಬೆಲ್ಲು ಸರಿಯಿಲ್ಲ ಅಂದರೆ ಗ್ರಾಹಕರ ಆಯೋಗಕ್ಕೆ ಹೋಗಬೇಕು. 2019ರ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಅಗ್ರಿಮೆಂಟಿನ ಕರಡು ಕೈಗೆ ಬಂದರೆ ನನಗೆ ಕಳಿಸಿ. ವರ್ಷದ ಏರಿಕೆ, ಮರುಮಾರಾಟ, ಮತ್ತು 'ನಿವಾಸಿಗೆ ಸ್ವತಂತ್ರವಾಗಿ ಇರಲು ಆಗದಿದ್ದರೆ' ಅಂತ ಶುರುವಾಗುವ ಷರತ್ತು, ಈ ಮೂರನ್ನು ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಬುಕಿಂಗ್ ಅಂತ ಐದು ಸಾವಿರವನ್ನೂ ಕೊಡಬೇಡಿ.